ಬಿದ್ದರೂ ನಡೆಯುತ್ತೆ, ಏಪ್ರಿಲ್‌ವರೆಗೆ: ಅಮೆರಿಕದ ಕಾಲೇಜು ಜಿಮ್ನಾಸ್ಟಿಕ್ಸ್ ಸೀಸನ್ನಿನ ಲೆಕ್ಕ

2024ರ ಏಪ್ರಿಲ್ 18. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಅಮೆರಿಕದ ಕಾಲೇಜು ಮಹಿಳಾ ಜಿಮ್ನಾಸ್ಟಿಕ್ಸ್‌ನ ಸೆಮಿಫೈನಲ್. ಕಣದಲ್ಲಿದ್ದ ಒಕ್ಲಹೋಮ ವಿಶ್ವವಿದ್ಯಾಲಯದ ತಂಡ ಹಿಂದಿನ ಎರಡೂ ವರ್ಷದ ಚಾಂಪಿಯನ್. ಆ ಸೀಸನ್ನಿನ ರ‍್ಯಾಂಕಿಂಗ್‌ನಲ್ಲೂ ಅವರದೇ ಮೊದಲ ಸ್ಥಾನ. ಶುರುವಾಗಿದ್ದು ವಾಲ್ಟ್‌ನಿಂದ, ಅಂದರೆ ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವ ವಿಭಾಗದಿಂದ. ಅಲ್ಲಿ ಒಬ್ಬರಿಗಿಂತ ಜಾಸ್ತಿ ಹುಡುಗಿಯರು ನೆಲಕ್ಕಿಳಿಯುವಾಗ ತಪ್ಪಿದರು. ಉಳಿದ ಮೂರು ವಿಭಾಗಗಳಲ್ಲಿ ಆ ನಷ್ಟ ತುಂಬಿಕೊಳ್ಳಲು ಆಗಲೇ ಇಲ್ಲ. ತಂಡ ಫೈನಲ್ ಮುಟ್ಟದೆ ಮನೆಗೆ ಹೋಯಿತು.

ಇದೇ ಎಡವಟ್ಟು ಜನವರಿಯಲ್ಲಿ ಆಗಿದ್ದರೆ? ಹೆಚ್ಚೇನೂ ಆಗುತ್ತಿರಲಿಲ್ಲ. ಆ ದಿನದ ಅಂಕವನ್ನು ಬದಿಗಿಟ್ಟು ಮುಂದಿನ ವಾರಕ್ಕೆ ಹೋಗುತ್ತಿದ್ದರು. ಈ ಆಟದ ನಿಯಮಗಳು ಮೂರು ತಿಂಗಳು ತಪ್ಪುಗಳನ್ನು ಧಾರಾಳವಾಗಿ ಮನ್ನಿಸುತ್ತವೆ. ಆಮೇಲೆ ಏಪ್ರಿಲ್‌ನಲ್ಲಿ ಒಂದನ್ನೂ ಮನ್ನಿಸುವುದಿಲ್ಲ. ಹೊಸದಾಗಿ ನೋಡುವವರಿಗೆ ಗೊಂದಲ ಆಗುವುದು ಇಲ್ಲೇ. ಕಷ್ಟ ಇರುವುದು ಪಲ್ಟಿಗಳಲ್ಲಿ ಅಂದುಕೊಂಡಿರುತ್ತೇವೆ. ಆದರೆ ಅರ್ಥವಾಗದೆ ಉಳಿಯುವುದು ಅಂಕದ ಲೆಕ್ಕ.

ಆರು ಜನ, ಐದು ಅಂಕ

ಮೊದಲು ತಂಡದ ಅಂಕ ಹೇಗೆ ಬರುತ್ತದೆ ನೋಡೋಣ. ಮಹಿಳೆಯರಿಗೆ ನಾಲ್ಕು ವಿಭಾಗ: ವಾಲ್ಟ್, ಎತ್ತರ-ತಗ್ಗಿನ ಎರಡು ಬಾರ್‌ಗಳ ಅನ್‌ಈವನ್ ಬಾರ್ಸ್, ಬ್ಯಾಲೆನ್ಸ್ ಬೀಮ್, ಫ್ಲೋರ್. ಪ್ರತಿ ವಿಭಾಗದಲ್ಲೂ ಒಂದು ತಂಡದಿಂದ ಆರು ಜನ ಬರುತ್ತಾರೆ. ಒಬ್ಬೊಬ್ಬರಿಗೂ 10ಕ್ಕೆ ಅಂಕ. ಆರರಲ್ಲಿ ಅತಿ ಕಡಿಮೆ ಬಂದ ಒಂದನ್ನು ಬಿಡುತ್ತಾರೆ. ಉಳಿದ ಐದನ್ನು ಕೂಡಿಸುತ್ತಾರೆ. ಹಾಗಾಗಿ ಒಂದು ವಿಭಾಗಕ್ಕೆ ಹೆಚ್ಚೆಂದರೆ 50, ನಾಲ್ಕಕ್ಕೂ ಸೇರಿ 200.

ಈ 200ರಲ್ಲಿ ಒಳ್ಳೆಯ ತಂಡಗಳು 197ರ ಆಸುಪಾಸಿನಲ್ಲಿರುತ್ತವೆ. 198 ದಾಟಿದರೆ ಅದು ಅದ್ಭುತ ದಿನ. ಬರೀ ಒಂದು ಅಂಕದ ವ್ಯತ್ಯಾಸ ಅನಿಸಬಹುದು. ಬಿಡಿಸಿ ನೋಡಿ. ಲೆಕ್ಕಕ್ಕೆ ಬರುವುದು 20 ರೊಟೀನ್, ಅಂದರೆ ಒಬ್ಬೊಬ್ಬರು ಒಂದೊಂದು ವಿಭಾಗದಲ್ಲಿ ಮಾಡುವ ಪ್ರದರ್ಶನ. 197 ಅಂದರೆ ಒಂದೊಂದು ರೊಟೀನ್‌ಗೆ ಸರಾಸರಿ 9.85. 198 ಅಂದರೆ 9.9. ನಡುವೆ ಇರುವುದು 0.05. ಇಳಿದಾಗ ಕಾಲು ಒಂದಿಷ್ಟು ಕದಲಿದರೆ ಹೋಗುವಷ್ಟು ಅಂಕ ಅದು. ಇಪ್ಪತ್ತೂ ಸಲ ಆ ಕಾಲು ಕದಲದೆ ನಿಂತರೆ ಒಳ್ಳೆಯ ತಂಡ ಅದ್ಭುತ ತಂಡವಾಗುತ್ತದೆ. ಪಾದ ಅಂಟಿಕೊಂಡಂತೆ ನಿಲ್ಲುವುದಕ್ಕೆ ‘ಸ್ಟಿಕ್’ ಅನ್ನುತ್ತಾರೆ. ಯಾರಾದರೂ ಹಾಗೆ ನಿಂತ ತಕ್ಷಣ ಪಕ್ಕದಲ್ಲಿರುವ ಇಡೀ ತಂಡ ಕುಣಿದಾಡುವುದು ಸುಮ್ನೆ ಅಲ್ಲ.

ಬಿದ್ದರೆ 0.5 ಹೋಗುತ್ತದೆ. ಆರು ಜನರಲ್ಲಿ ಒಬ್ಬಳು ಬಿದ್ದರೆ ಅವಳ ಅಂಕವೇ ಬಿಟ್ಟುಬಿಡುವ ಅಂಕ. ಉಳಿದ ಐವರು ಸರಿಯಾಗಿ ಮಾಡಿದರೆ ತಂಡಕ್ಕೆ ಏಟೇ ಇಲ್ಲ. ಇನ್ನೊಬ್ಬಳೂ ಬಿದ್ದರೆ ಮಾತ್ರ ಕಷ್ಟ. ಆಗ ಆ ಕಡಿಮೆ ಅಂಕವನ್ನೂ ಕೂಡಿಸಿಕೊಳ್ಳಲೇಬೇಕು. ಒಂದೇ ಏಟಿಗೆ ತಂಡ ಅರ್ಧ ಅಂಕ ಹಿಂದೆ. ಫೋರ್ಟ್ ವರ್ತ್‌ನಲ್ಲಿ ಒಕ್ಲಹೋಮಾಗೆ ಆದದ್ದು ಇದೇ. ಮೊದಲ ಬೀಳಾಟವನ್ನು ನಿಯಮ ಮರೆಯಿತು, ಆಮೇಲಿನದನ್ನು ಮರೆಯಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. 10ಕ್ಕೆ 10 ಅನ್ನುವುದು ಒಲಿಂಪಿಕ್ಸ್‌ನಲ್ಲಿ ಈಗ ಇಲ್ಲವಲ್ಲ? ಹೌದು, ಇಲ್ಲ. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ನಾಡಿಯಾ ಕೊಮನೇಚಿಗೆ ಬಂದ 10 ಎಲ್ಲರಿಗೂ ಗೊತ್ತು. ಸ್ಕೋರ್ ಬೋರ್ಡ್‌ಗೆ ಅದನ್ನು ತೋರಿಸಲು ಬರದೆ 1.00 ಅಂತ ತೋರಿಸಿತ್ತು. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಅಂಕದ ಜಗಳಗಳ ನಂತರ, 2006ರಿಂದ ಅಂತಾರಾಷ್ಟ್ರೀಯ ಜಿಮ್ನಾಸ್ಟಿಕ್ಸ್ 10ರ ಮಿತಿಯನ್ನೇ ಕೈಬಿಟ್ಟಿತು. ಅಲ್ಲಿ ಕಷ್ಟಕ್ಕೆ ಒಂದು ಅಂಕ, ಮಾಡಿದ ರೀತಿಗೆ ಒಂದು ಅಂಕ. ಎರಡನ್ನೂ ಕೂಡಿಸುತ್ತಾರೆ. ದೀಪಾ ಕರ್ಮಾಕರ್ 2016ರ ರಿಯೊದಲ್ಲಿ ಪ್ರಾಣದ ಮೇಲೆ ಬರುವಂಥ ಪ್ರೊಡುನೋವಾ ವಾಲ್ಟ್ ಮಾಡಿದ್ದು ಇದೇ ಲೆಕ್ಕದ ಮೇಲೆ. ಆಗ ಆ ವಾಲ್ಟ್‌ನ ಕಷ್ಟಕ್ಕೇ 7.0 ಇತ್ತು. ಅದು ಅವರನ್ನು ನಾಲ್ಕನೇ ಸ್ಥಾನದವರೆಗೆ ತಂದಿತು.

ಕಾಲೇಜು ಜಿಮ್ನಾಸ್ಟಿಕ್ಸ್ ಹಳೆಯ 10ನ್ನೇ ಇಟ್ಟುಕೊಂಡಿದೆ. ಇದರಿಂದ ಆಟದ ಸ್ವಭಾವವೇ ಬೇರೆಯಾಗಿದೆ. ಬೆನ್ನು ಮಾಡಿ ಮೇಜಿಗೆ ಹಾರುವ ಯುರ್ಚೆಂಕೋ ವಾಲ್ಟ್‌ನಲ್ಲಿ ಒಂದೂವರೆ ಸುತ್ತು ತಿರುಗಿದರೆ ಇಲ್ಲಿ 10ರಿಂದ ಶುರು. ಅದಕ್ಕಿಂತ ಭಯಂಕರವಾದದ್ದನ್ನು ಮಾಡಿದರೂ 10ರಿಂದಲೇ ಶುರು. ಮತ್ಯಾಕೆ ಕುತ್ತಿಗೆ ಪಣಕ್ಕಿಡಬೇಕು? ಅದೇ ವಾಲ್ಟ್‌ನಲ್ಲಿ ಒಂದೇ ಸುತ್ತು ತಿರುಗುವವರಿಗೂ ಮೊದಲು 10 ಇತ್ತು. ಎಲ್ಲರೂ ಅದನ್ನೇ ಮಾಡತೊಡಗಿದಾಗ 2016ರ ಸೀಸನ್ನಿನಿಂದ 9.95ಕ್ಕೆ ಇಳಿಸಿದರು. ಆ 0.05 ಬೇಕು ಅಂದರೆ ಇನ್ನರ್ಧ ಸುತ್ತು ಕಲಿಯಬೇಕು. ಆದರೆ ಆ ಅರ್ಧ ಸುತ್ತಿನಲ್ಲಿ ನೆಲ ಕಾಣದಂತೆ ಇಳಿಯಬೇಕು. ತಪ್ಪುವ ಸಾಧ್ಯತೆ ಜಾಸ್ತಿ. ಎಷ್ಟು ಜನರಿಂದ ಅದನ್ನು ಮಾಡಿಸಬೇಕು ಅನ್ನುವುದು ಪ್ರತಿ ಕೋಚ್‌ನ ತಲೆನೋವು.

10 ಇರುವುದರಿಂದ ನೋಡುವವರಿಗೂ ಸುಲಭ. 2019ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡದ ಕೇಟ್ಲಿನ್ ಒಹಾಶಿ ಫ್ಲೋರ್‌ನಲ್ಲಿ 10 ಪಡೆದ ವಿಡಿಯೊ ನೀವೂ ನೋಡಿರಬಹುದು. ಜಿಮ್ನಾಸ್ಟಿಕ್ಸ್‌ನ ಗಂಧಗಾಳಿ ಇಲ್ಲದವರೂ ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರು. 14.733 ಅಂತ ಬಂದಿದ್ದರೆ ಅಷ್ಟು ಓಡುತ್ತಿತ್ತಾ? ನನಗಂತೂ ಅನುಮಾನ.

ಒಂದು ಸಂಜೆಯ ಆಟ

ಸೀಸನ್ನಿನ ಬಹುಪಾಲು ಪಂದ್ಯಗಳು ಎರಡೇ ತಂಡಗಳ ನಡುವೆ ನಡೆಯುತ್ತವೆ. ಒಂದು ಮನೆಯ ತಂಡ, ಇನ್ನೊಂದು ಹೊರಗಿನಿಂದ ಬಂದದ್ದು. ಮನೆಯ ತಂಡ ವಾಲ್ಟ್‌ನಿಂದ ಶುರು ಮಾಡಿ ಬಾರ್ಸ್, ಬೀಮ್, ಕೊನೆಗೆ ಫ್ಲೋರ್‌ಗೆ ಬರುತ್ತದೆ. ಹೊರಗಿನವರು ಬಾರ್ಸ್, ವಾಲ್ಟ್, ಫ್ಲೋರ್ ಮುಗಿಸಿ ಕೊನೆಗೆ ಬೀಮ್ ಹತ್ತಬೇಕು. ಇದರ ಮರ್ಮ ಗಮನಿಸಿ. ಪಂದ್ಯ ಬಿಗಿಯಾಗಿರುವಾಗ ಮನೆಯ ಹುಡುಗಿಯರು ಹಾಡು ಹಾಕಿಕೊಂಡು, ಜನರ ಚಪ್ಪಾಳೆಗೆ ಕುಣಿಯುತ್ತಾ ಮುಗಿಸುತ್ತಾರೆ. ಅದೇ ಹೊತ್ತಿಗೆ ಹೊರಗಿನಿಂದ ಬಂದವರು 10 ಸೆಂಟಿಮೀಟರ್ ಅಗಲದ ಬೀಮ್ ಮೇಲೆ ನಿಂತಿರುತ್ತಾರೆ. ಕಿವಿಗೆ ಬೀಳುವುದು ಎದುರಾಳಿಯ ಹಾಡು, ಎದುರಾಳಿಯ ಜನರ ಗದ್ದಲ. ಯುಟಾದಂಥ ಕಡೆ 10 ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ. ಬಾಸ್ಕೆಟ್‌ಬಾಲ್‌ಗೆ ಕಟ್ಟಿದ ಅಂಗಣಗಳು ಅವು. ನನ್ನ ಮಟ್ಟಿಗೆ ಈ ಆಟದಲ್ಲಿ ಅತಿ ಚೆಂದದ ಸಂಗತಿ ಆ ಕೊನೆಯ ಅರ್ಧ ಗಂಟೆ.

ಆರು ಜನರನ್ನು ಯಾವ ಕ್ರಮದಲ್ಲಿ ಕಳಿಸುತ್ತಾರೆ ಅನ್ನುವುದರಲ್ಲೂ ಲೆಕ್ಕವಿದೆ. ಮೊದಲು ಹೋಗುವವಳು ದೊಡ್ಡ ಅಂಕದವಳಲ್ಲ, ನಂಬಿಕೆಯವಳು. ಅವಳು 9.8 ತಂದರೆ ಸಾಕು, ಹಿಂದಿರುವವರ ಎದೆಬಡಿತ ಇಳಿಯುತ್ತದೆ. ಅವಳೇ ಬಿದ್ದರೆ ಬಿಡಬಹುದಾದ ಅಂಕ ಅಲ್ಲಿಗೆ ಖರ್ಚಾಯಿತು. ಉಳಿದ ಐವರೂ ತಪ್ಪದೆ ಮಾಡಲೇಬೇಕು. ಅತಿ ದೊಡ್ಡ ಅಂಕದವಳು ಕೊನೆಗೆ ಬರುತ್ತಾಳೆ. ಜಡ್ಜ್‌ಗಳು ಮೊದಲ ಅಂಕದಿಂದ ಮೇಲೆ ಮೇಲೆ ಹೋಗುತ್ತಾರೆ, ಕೊನೆಗೆ ಬಂದವಳಿಗೆ ಸ್ವಲ್ಪ ಉದಾರವಾಗಿ ಕೊಡುತ್ತಾರೆ ಅನ್ನುವ ಗುಸುಗುಸು ಹಳೆಯದು. ಯಾರೂ ಒಪ್ಪಿಕೊಳ್ಳುವುದಿಲ್ಲ, ಆದರೆ ಲೈನ್‌ಅಪ್ ಬರೆಯುವಾಗ ಯಾರೂ ಮರೆಯುವುದೂ ಇಲ್ಲ.

ಅಂಕಗಳಲ್ಲಿ 9.875 ಥರದ ವಿಚಿತ್ರ ಸಂಖ್ಯೆ ಬರುವುದು ಯಾಕೆ ಅಂತಲೂ ಹೇಳಿಬಿಡುತ್ತೇನೆ. ವಾರದ ಪಂದ್ಯಗಳಲ್ಲಿ ಒಂದು ವಿಭಾಗಕ್ಕೆ ಸಾಮಾನ್ಯವಾಗಿ ಇಬ್ಬರು ಜಡ್ಜ್‌ಗಳು. ಒಬ್ಬರು 9.90, ಇನ್ನೊಬ್ಬರು 9.85 ಕೊಟ್ಟರೆ ಸರಾಸರಿ 9.875. ರಾಷ್ಟ್ರೀಯ ಕೂಟದಲ್ಲಿ ಜಡ್ಜ್‌ಗಳು ಜಾಸ್ತಿ, ಹಾಗಾಗಿ ಚೂರುಗಳೂ ಇನ್ನೂ ಸಣ್ಣವು. ಈ ಚೂರುಗಳೇ ಮುಂದೆ ಕಪ್ ಯಾರದು ಅಂತ ತೀರ್ಮಾನಿಸುತ್ತವೆ.

ಹತ್ತಾರು ಪಂದ್ಯ, ಐದರ ಸರಾಸರಿ

ಕಾಲೇಜು ಆಗಸ್ಟ್‌ನಲ್ಲಿ ಶುರುವಾಗುತ್ತದೆ. ಡಿಸೆಂಬರ್‌ವರೆಗೆ ಬರೀ ಅಭ್ಯಾಸ. ಜನವರಿ ಮೊದಲ ವಾರಗಳಲ್ಲಿ ಪಂದ್ಯ ಶುರುವಾದರೆ ಮಾರ್ಚ್‌ವರೆಗೆ ಹೆಚ್ಚೂಕಡಿಮೆ ವಾರಕ್ಕೊಂದು. ಅಂತಾರಾಷ್ಟ್ರೀಯ ಜಿಮ್ನಾಸ್ಟ್‌ಗಳು ಇಷ್ಟು ಸಲ ಆಡುವುದೇ ಇಲ್ಲ. ವರ್ಷಕ್ಕೆ ಕೆಲವು ದೊಡ್ಡ ಕೂಟಗಳು, ಅಷ್ಟೇ. ಇವರಿಗೆ ಪ್ರತಿ ವಾರಾಂತ್ಯವೂ ಪರೀಕ್ಷೆ, ಜೊತೆಗೆ ಸೋಮವಾರ ನಿಜವಾದ ತರಗತಿ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ ಸೀಸನ್ನಿನಲ್ಲಿ ಅಭ್ಯಾಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಕಷ್ಟದ ಹೊಸ ಪಲ್ಟಿ ಕಲಿಯುವುದಕ್ಕಿಂತ ಇರುವುದನ್ನೇ ತಪ್ಪಿಲ್ಲದೆ ಮಾಡುವುದು ಲಾಭ ಅನ್ನುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಒಂದು ವಿಚಿತ್ರ ಇದೆ. ಈ ವಾರದ ಪಂದ್ಯಗಳಲ್ಲಿ ಗೆದ್ದರೋ ಸೋತರೋ ಅನ್ನುವುದು ರ‍್ಯಾಂಕಿಂಗ್‌ಗೆ ಬೇಕಾಗಿಯೇ ಇಲ್ಲ. ಬೇಕಾಗಿರುವುದು ತಂಡ ಗಳಿಸಿದ ಅಂಕ ಮಾತ್ರ. 197.5 ಗಳಿಸಿ ಸೋತ ತಂಡ, 196 ಗಳಿಸಿ ಗೆದ್ದ ತಂಡಕ್ಕಿಂತ ಮೇಲೆ ಹೋಗುತ್ತದೆ. ಮೊದಲ ಕೆಲವು ವಾರ ಸುಮ್ನೆ ಸರಾಸರಿ ನೋಡಿ ಪಟ್ಟಿ ಮಾಡುತ್ತಾರೆ. ಆಮೇಲೆ ಎನ್‌ಕ್ಯೂಎಸ್ ಅನ್ನುವ ಅರ್ಹತಾ ಅಂಕ ಬರುತ್ತದೆ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೂರು ಇಂಟರ್ನಲ್ಸ್ ಬರೆಸಿ ಚೆನ್ನಾಗಿ ಬಂದ ಎರಡನ್ನು ತೆಗೆದುಕೊಳ್ಳುವ ಪದ್ಧತಿ ಇತ್ತಲ್ಲ, ಇದೂ ಅದರ ಜಾತಿಯದೇ. ಸೀಸನ್ನಿನ ಅತ್ಯುತ್ತಮ ಆರು ಅಂಕ ಆರಿಸಬೇಕು. ಅದರಲ್ಲಿ ಕನಿಷ್ಠ ಮೂರು ಹೊರಗಿನ ಊರಿನಲ್ಲಿ ಗಳಿಸಿದವಾಗಿರಬೇಕು. ಆ ಆರರಲ್ಲಿ ಅತಿ ದೊಡ್ಡದನ್ನು ತೆಗೆದುಹಾಕಬೇಕು. ಉಳಿದ ಐದರ ಸರಾಸರಿಯೇ ಎನ್‌ಕ್ಯೂಎಸ್.

ಒಂದು ಕಾಲ್ಪನಿಕ ತಂಡ ಇಟ್ಟುಕೊಳ್ಳೋಣ. ಮನೆಯಲ್ಲಿ ಅದರ ದೊಡ್ಡ ಅಂಕಗಳು 197.9, 197.6, 197.5. ಹೊರಗೆ 197.4, 197.2, 196.9. ಜನವರಿಯ ಮೊದಲ ಪಂದ್ಯದಲ್ಲಿ ಬಿದ್ದೂ ಎದ್ದೂ 195 ಬಂದಿತ್ತು. ಆ 195 ಎಲ್ಲೂ ಕಾಣಿಸುವುದಿಲ್ಲ. ಆರರಲ್ಲಿ ದೊಡ್ಡದಾದ 197.9 ಕೂಡ ಹೋಯಿತು. ಉಳಿದ ಐದರ ಸರಾಸರಿ 197.32. ಇದೇ ಅವರ ಎನ್‌ಕ್ಯೂಎಸ್.

ಅತಿ ದೊಡ್ಡದನ್ನು ಯಾಕೆ ತೆಗೆಯುತ್ತಾರೆ? ಯಾವುದೋ ಒಂದು ದಿನ ಜಡ್ಜ್‌ಗಳು ಕೈ ಬಿಚ್ಚಿ ಕೊಟ್ಟಿರಬಹುದು. ಆ ಒಂದು ದಿನದಿಂದ ರ‍್ಯಾಂಕಿಂಗ್ ಮೇಲೇರಬಾರದು. ಹೊರಗಿನ ಮೂರು ಅಂಕ ಬೇಕು ಅನ್ನುವುದರ ಹಿಂದೆಯೂ ಇದೇ ಅನುಮಾನ. ಮನೆಯಲ್ಲಿ, ಗದ್ದಲದ ಜನರ ಮುಂದೆ ಅಂಕ ಒಂಚೂರು ಉಬ್ಬುತ್ತದೆ ಅನ್ನುವುದು ಅಭಿಮಾನಿಗಳ ಮುಗಿಯದ ದೂರು. ನಿಯಮ ಬರೆದವರೂ ಅದನ್ನು ತಳ್ಳಿಹಾಕಿಲ್ಲ ಅನ್ನುವುದಕ್ಕೆ ಈ ಷರತ್ತೇ ಸಾಕ್ಷಿ ಅಲ್ವಾ? ಆದರೆ ಇದು ಅರ್ಧ ಮದ್ದು. ಎಲ್ಲಾ ಕಡೆ ಅಂಕ ಉಬ್ಬಿದರೆ ಹೊರಗಿನ ಅಂಕವೂ ಉಬ್ಬಿದ್ದೇ.

ಈ ಲೆಕ್ಕ ತಿಳಿದರೆ ಕೋಚ್‌ಗಳ ನಡೆ ಅರ್ಥವಾಗುತ್ತದೆ. ಜನವರಿಯಲ್ಲಿ ಹೊಸ ಹುಡುಗಿಯರನ್ನು ಧೈರ್ಯವಾಗಿ ಇಳಿಸುತ್ತಾರೆ. ಮೊಣಕಾಲು ನೋಯುತ್ತಿರುವ ತಾರೆಯನ್ನು ಎರಡು ವಾರ ಕೂರಿಸುತ್ತಾರೆ. ಫ್ಲೋರ್ ಹಿಮ್ಮಡಿಗೆ ಬಹಳ ಕೆಟ್ಟದ್ದು, ಅಲ್ಲಿನ ಅಕಿಲಿಸ್ ಸ್ನಾಯುರಜ್ಜು ಹರಿದರೆ ಸೀಸನ್ ಅಲ್ಲಿಗೆ ಮುಗಿಯಿತು. ಹಾಗಾಗಿ ನಾಲ್ಕೂ ವಿಭಾಗ ಮಾಡಬಲ್ಲವಳಿಗೂ ಎರಡೇ ಕೊಡುವುದುಂಟು. ಫೆಬ್ರವರಿಯಲ್ಲಿ ಒಂದು ತಂಡ ಸೋತು ನಗುತ್ತಾ ಹೊರಟರೆ ಆಶ್ಚರ್ಯ ಬೇಡ.

ಮನ್ನಿಸದ ತಿಂಗಳು

ಮಾರ್ಚ್ ಕೊನೆಗೆ ಕಾನ್ಫರೆನ್ಸ್ ಕೂಟಗಳು, ಅಂದರೆ ಕಾಲೇಜುಗಳ ಒಂದೊಂದು ಒಕ್ಕೂಟದ ಒಳಗಿನ ಕೂಟಗಳು. ಅವು ಮುಗಿದ ಮೇಲೆ ಎನ್‌ಕ್ಯೂಎಸ್ ಪಟ್ಟಿಯ ಮೊದಲ 36 ತಂಡಗಳು ಮುಂದಕ್ಕೆ. ನಾಲ್ಕು ಊರುಗಳಲ್ಲಿ ರೀಜನಲ್ಸ್, ಒಂದೊಂದರಲ್ಲಿ ಒಂಬತ್ತು ತಂಡ. ಮೊದಲ 16 ತಂಡಗಳಿಗೆ ಸೀಡಿಂಗ್ ಇರುತ್ತದೆ, ಬಲಿಷ್ಠರು ಒಂದೇ ಕಡೆ ಬೀಳದಂತೆ ಹಂಚುತ್ತಾರೆ. ಅಲ್ಲಿಗೆ ಎನ್‌ಕ್ಯೂಎಸ್‌ನ ಕೆಲಸ ಮುಗಿಯಿತು. ಮೂರು ತಿಂಗಳು ಕಾಪಾಡಿಕೊಂಡ ಆ ಸರಾಸರಿಯ ಒಂದು ಚೂರೂ ಮುಂದೆ ಜೊತೆಗೆ ಬರುವುದಿಲ್ಲ.

ಎಲ್ಲರೂ ಸೊನ್ನೆಯಿಂದ ಶುರು. ಪ್ರತಿ ಊರಿನಲ್ಲೂ ಮೊದಲು ಎರಡು ತಂಡಗಳ ಆಟ, ಸೋತದ್ದು ಹೊರಗೆ, ಒಂಬತ್ತು ಎಂಟಾಗುತ್ತದೆ. ಆ ಎಂಟು ನಾಲ್ಕು ನಾಲ್ಕಾಗಿ ಆಡುತ್ತವೆ, ಪ್ರತಿ ಗುಂಪಿನಿಂದ ಎರಡು ಉಳಿಯುತ್ತವೆ. ಉಳಿದ ನಾಲ್ಕರಲ್ಲಿ ಇಬ್ಬರಿಗೆ ರಾಷ್ಟ್ರೀಯ ಕೂಟದ ಟಿಕೆಟ್. ಹೀಗೆ ದೇಶದಲ್ಲಿ ಎಂಟು. ಸೆಮಿಫೈನಲ್‌ನಲ್ಲೂ ಅದೇ, ನಾಲ್ಕರಲ್ಲಿ ಎರಡು. ಕೊನೆಗೆ ನಾಲ್ಕು ತಂಡಗಳ ಫೈನಲ್. 2018ರವರೆಗೆ ಫೈನಲ್‌ನಲ್ಲಿ ಆರು ತಂಡ ಇರುತ್ತಿದ್ದವು. ವಿಭಾಗ ನಾಲ್ಕೇ ಇರುವಾಗ ಯಾವಾಗಲೂ ಇಬ್ಬರು ಸುಮ್ನೆ ಕೂತಿರಬೇಕು, ಟಿವಿಯಲ್ಲಿ ನೋಡುವವರಿಗೆ ಯಾರು ಮುಂದೆ ಅಂತಲೇ ತಿಳಿಯುತ್ತಿರಲಿಲ್ಲ. 2019ರಲ್ಲಿ ನಾಲ್ಕಕ್ಕೆ ಇಳಿಸಿದ್ದು ಒಳ್ಳೆಯದೇ ಆಯಿತು.

ಆರು ತಂಡಗಳ ಆ ಕೊನೆಯ ಫೈನಲ್ ಮಾತ್ರ ಮರೆಯುವಂಥದ್ದಲ್ಲ. ಯುಸಿಎಲ್‌ಎ ಕೊನೆಗೆ ಬೀಮ್‌ನಲ್ಲಿತ್ತು. ಕೊನೆಯವಳಾಗಿ ಹತ್ತಿದ್ದು ಕೆನಡಾದ ಪೆಂಗ್ ಪೆಂಗ್ ಲೀ. ಮುಂದಿದ್ದ ಒಕ್ಲಹೋಮಾದ ಅಂಕ 198.0375. ಅವಳಿಗೆ 9.95 ಬಂದಿದ್ದರೂ ಕಪ್ ಒಕ್ಲಹೋಮಾದ್ದೇ. ಬಂದದ್ದು 10. ಯುಸಿಎಲ್‌ಎ 198.075ಕ್ಕೆ ಗೆದ್ದಿತು. ಅಂತರ 0.0375. ಇಡೀ ತಂಡದ ಇಪ್ಪತ್ತು ರೊಟೀನ್‌ಗಳಲ್ಲಿ ಒಂದು ಸಣ್ಣ ಕಾಲು ಕದಲಿಕೆಯ ಬೆಲೆಯೂ ಅಲ್ಲ ಅದು.

ಮೇಲಿದ್ದವರು ಏಪ್ರಿಲ್‌ನಲ್ಲಿ ಬೀಳುವುದು ಆಗಾಗ ನಡೆಯುತ್ತದೆ. 2024ರಲ್ಲಿ ಒಕ್ಲಹೋಮ ಜಾಗ ಖಾಲಿ ಮಾಡಿದ ಮೇಲೆ ಲೂಸಿಯಾನ ಸ್ಟೇಟ್, ಅಂದರೆ ಎಲ್‌ಎಸ್‌ಯು, ತನ್ನ ಮೊದಲ ಕಪ್ ಗೆದ್ದಿತು. ಅದಕ್ಕೆ ಮೊದಲು 2016, 2017, 2019ರಲ್ಲಿ ಅವರು ಎರಡನೇ ಸ್ಥಾನಕ್ಕೇ ನಿಂತಿದ್ದರು, ಮೂರು ಸಲವೂ ಗೆದ್ದದ್ದು ಒಕ್ಲಹೋಮ. ಮರುವರ್ಷ ಹಾಲಿ ಚಾಂಪಿಯನ್ ಆಗಿ ಬಂದ ಎಲ್‌ಎಸ್‌ಯು ಕೂಡ ಸೆಮಿಫೈನಲ್‌ನಲ್ಲೇ ಹೊರಬಿತ್ತು. 2025ರ ಆ ಫೈನಲ್‌ನಲ್ಲಿ ಮಿಸೌರಿ 197.25, ಯುಟಾ 197.2375. ಮೂರನೇ ಮತ್ತು ನಾಲ್ಕನೇ ಸ್ಥಾನದ ನಡುವೆ 0.0125.

ಇದು ನ್ಯಾಯವೇ? ಮೂರು ತಿಂಗಳ ಸರಾಸರಿ ಒಂದು ತಂಡದ ನಿಜವಾದ ಬಲವನ್ನು ಒಂದು ಸಂಜೆಗಿಂತ ಚೆನ್ನಾಗಿ ಹೇಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಸರಾಸರಿಗೆ ಕಪ್ ಕೊಟ್ಟರೆ ಏಪ್ರಿಲ್‌ನಲ್ಲಿ ಯಾರು ನೋಡಲು ಬರುತ್ತಾರೆ? ಮತ್ತೆ, ಸರಾಸರಿ ಅಂದರೆ ಕೆಟ್ಟ ದಿನಗಳನ್ನು ಕಿತ್ತುಹಾಕಿದ ಸರಾಸರಿ. ಅದೂ ಪೂರ್ತಿ ಸತ್ಯವಲ್ಲ.

ಯಾರಿವರು?

ಅಮೆರಿಕದಲ್ಲಿ 1972ರ ಟೈಟಲ್ ನೈನ್ ಕಾನೂನು ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದ ಮಾಡಬಾರದು ಅಂದಿತು. ಹುಡುಗಿಯರ ತಂಡಗಳಿಗೆ ದುಡ್ಡು, ಸ್ಕಾಲರ್‌ಶಿಪ್ ಬಂದದ್ದು ಅದರ ನೆರಳಿನಲ್ಲಿ. ಎನ್‌ಸಿಎಎಯ ಮೊದಲ ಮಹಿಳಾ ಜಿಮ್ನಾಸ್ಟಿಕ್ಸ್ ಚಾಂಪಿಯನ್‌ಶಿಪ್ 1982ರಲ್ಲಿ, ಗೆದ್ದದ್ದು ಯುಟಾ. ಜಾರ್ಜಿಯಾ 2005ರಿಂದ 2009ರವರೆಗೆ ಸತತ ಐದು ಸಲ ಗೆದ್ದಿದೆ.

ಎಷ್ಟೋ ಹುಡುಗಿಯರಿಗೆ ಕಾಲೇಜು ಈ ಆಟದ ಕೊನೆಯ ನಾಲ್ಕು ವರ್ಷ. ಮೊದಲೆಲ್ಲ ಒಲಿಂಪಿಕ್ಸ್ ಆದ ಮೇಲೆ ಕಾಲೇಜು, ಕಾಲೇಜಾದ ಮೇಲೆ ನಿವೃತ್ತಿ. ಇದಕ್ಕೆ ಹೊರತಾದವರಲ್ಲಿ ನಮಗೆ ಹತ್ತಿರದ ಹೆಸರೊಂದಿದೆ: ಮೋಹಿನಿ ಭಾರದ್ವಾಜ್. ತಂದೆ ಭಾರತದವರು. ಯುಸಿಎಲ್‌ಎ ತಂಡದಲ್ಲಿ 2000 ಮತ್ತು 2001ರ ಕಪ್ ಗೆದ್ದ ಮೇಲೆ, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ ಜೊತೆ ಬೆಳ್ಳಿ ಗೆದ್ದರು. ಭಾರತದಲ್ಲಿ ಅವರ ಬಗ್ಗೆ ಆದ ಸದ್ದು ಕಡಿಮೆಯೇ.

ದುಡ್ಡಿನ ಮಾತು ಬೇರೆ. ಜಾಹೀರಾತಿಗೆ, ಪ್ರಾಯೋಜಕರಿಗೆ ಕೈಚಾಚಿದರೆ ಕಾಲೇಜಿನಲ್ಲಿ ಆಡುವಂತಿಲ್ಲ ಅನ್ನುವ ನಿಯಮ ಬಹಳ ಕಾಲ ಇತ್ತು. ಸಿಮೋನ್ ಬೈಲ್ಸ್ ಯುಸಿಎಲ್‌ಎಗೆ ಬರುವೆ ಅಂದವರು 2015ರಲ್ಲಿ ವೃತ್ತಿಪರರಾಗಿ, ಕಾಲೇಜು ಅಂಗಣಕ್ಕೆ ಇಳಿಯಲೇ ಇಲ್ಲ. ಒಹಾಶಿಯ ವಿಡಿಯೊ ಜಗತ್ತೆಲ್ಲ ಓಡಿದಾಗಲೂ ಆ ಹೆಸರಿನಿಂದ ಅವಳು ದುಡ್ಡು ಮಾಡುವಂತಿರಲಿಲ್ಲ. 2021ರ ಜುಲೈನಲ್ಲಿ ಆ ಬಾಗಿಲು ತೆರೆಯಿತು. ಅದೇ ಬೇಸಿಗೆಯಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಲ್‌ರೌಂಡ್ (ನಾಲ್ಕೂ ವಿಭಾಗ ಸೇರಿದ) ಚಿನ್ನ ಗೆದ್ದ ಅಮೆರಿಕದ ಸುನಿ ಲೀ ಆಬರ್ನ್ ವಿಶ್ವವಿದ್ಯಾಲಯಕ್ಕೆ ಬಂದಳು. ಕಾಲೇಜೂ ಆಯಿತು, ಜಾಹೀರಾತೂ ಆಯಿತು.

2025ರಲ್ಲಿ ಇನ್ನೊಂದು ಬದಲಾವಣೆ ಬಂತು. ಕಾಲೇಜು ಕ್ರೀಡೆಯ ದುಡ್ಡಿನ ಬಗ್ಗೆ ಕೋರ್ಟಿನಲ್ಲಾದ ಒಪ್ಪಂದದ ಪ್ರಕಾರ, ಅದಕ್ಕೆ ಸೇರಿದ ಕಾಲೇಜುಗಳು ಬೇಕಾದಷ್ಟು ಜನರಿಗೆ ಸ್ಕಾಲರ್‌ಶಿಪ್ ಕೊಡಬಹುದು. ಮೊದಲು ಅದು 12ಕ್ಕೆ ಮುಗಿಯುತ್ತಿತ್ತು. ಬದಲಿಗೆ ತಂಡದ ಗಾತ್ರಕ್ಕೇ 20ರ ಮಿತಿ ಬಂದಿದೆ. ಪಂದ್ಯಕ್ಕೆ ಬೇಕಾದ 24 ರೊಟೀನ್‌ಗಳಿಗೆ 20 ಜನ ಧಾರಾಳವಾಗಿ ಸಾಕು. ಏಟು ಬೀಳುವುದು ಸ್ಕಾಲರ್‌ಶಿಪ್ ಇಲ್ಲದೆ, ಸ್ವಂತ ಖರ್ಚಿನಲ್ಲಿ ತಂಡದಲ್ಲಿ ಉಳಿಯುತ್ತಿದ್ದ ಹುಡುಗಿಯರಿಗೆ. ಮೂರು ವರ್ಷ ಬರೀ ಅಭ್ಯಾಸ ಮಾಡಿ, ಕೊನೆಯ ವರ್ಷ ಬೀಮ್‌ಗೆ ಮೊದಲಿಗಳಾಗಿ ಹೋಗಿ ನೆಚ್ಚಿಕೆಯ 9.8 ತರುತ್ತಿದ್ದವರಲ್ಲಿ ಇಂಥವರೂ ಇದ್ದರು.